ಅಪ್ಪ ಮನೆಯ ಮುಂದೆ ನಿಂತ ಕಂತು

ಕಾಕಾ ಬರೆದ ಪುಟ್ಟ ಮರಾಠಿ ಕಾದಂಬರಿಯನ್ನು ಟೀವಿ ಧಾರಾವಾಹಿ ಮಾಡುವ ಕೆಲಸ ನನಗೇ ಬಂದಾಗ ಅವ್ವ ಬೇಡ ಅಂದಳು. ನಾನು ಒಪ್ಪಿಕೊಂಡೆ. ಮರಾಠಿ ಧಾರಾವಾಹಿಗಳಿಗೆ ಚಿತ್ರಕಥೆ ಬರೆದು ಹೊಟ್ಟೆ ಹೊರೆಯುವವಳು ನಾನು. ಬರೆಯುವುದು ಮರಾಠಿಯಲ್ಲಾದರೂ ಸಿಟ್ಟು ಬರುವುದು ಕನ್ನಡದಲ್ಲಿ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಸಾಂಗ್ಲಿ ಪೇಟೆಯಲ್ಲಿ ಅರಿಶಿಣದ ವ್ಯಾಪಾರ, ಬಿಡುವಿನಲ್ಲಿ ಸಾಹಿತ್ಯ. ಕಾದಂಬರಿಯ ಕತೆ ಇಷ್ಟು: ಯುದ್ಧಕ್ಕೆ ಹೋದ ಸೈನಿಕನೊಬ್ಬ ಗಡಿಯ ಹೊಳೆ ದಾಟುವಾಗ ಮಂಜಿನಲ್ಲಿ ದಾರಿ ತಪ್ಪಿ, ಐವತ್ತು ವರ್ಷ ಮುಂದಿನ ಮಿರಜ್ ಸ್ಟೇಶನ್ನಿಗೆ ಬಂದು ಬೀಳುತ್ತಾನೆ. ಹಿಂದಿರುಗುವ ದಾರಿಯಿಲ್ಲ. ಹೆಂಡತಿ, ಮಗಳು ಹಳೆಯ ಕಾಲದಲ್ಲೇ ಉಳಿದರು. ಆದರೂ ಅವನು 'ನನ್ನ ತಮ್ಮ ಇದ್ದಾನಲ್ಲ' ಎಂದು ಪುಟಪುಟಕ್ಕೂ ಸಮಾಧಾನ ಹೇಳಿಕೊಳ್ಳುತ್ತಾನೆ. ತಮ್ಮ ದೇವರಂಥವನು, ಅತ್ತಿಗೆಯನ್ನು ತಾಯಿಯ ಹಾಗೆ ಸಾಕುತ್ತಾನೆ. ಓದಿದವರು ಕಣ್ಣೊರೆಸಿಕೊಂಡರು. ಕಾಕಾನಿಗೆ ಶಾಲು, ಹಾರ ಬಿದ್ದವು.

ಆ ಸೈನಿಕ ನನ್ನ ಅಪ್ಪ. ಎಪ್ಪತ್ತೊಂದರ ಯುದ್ಧಕ್ಕೆ ಹೋದವನು ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ, ಕಾಣೆಯಾಗಿದ್ದಾನೆ ಎಂದಷ್ಟೇ ತಿಳಿಸಿದರು. ನನಗಾಗ ಆರು ವರ್ಷ. ವರ್ಷ ತುಂಬುವ ಮೊದಲೇ ಕಾಕಾ ಅವ್ವನ ಟ್ರಂಕನ್ನು ತಾವೇ ಎತ್ತಿ ತಂದು ಬೀದಿಯಲ್ಲಿಟ್ಟರು. ಬೈಯಲಿಲ್ಲ, ದನಿ ಏರಿಸಲಿಲ್ಲ, ಅತ್ತಿಗೆಯನ್ನು ಎಂದಿನಂತೆ ವೈನಿ ಎಂದೇ ಕರೆದರು.

"ಅಣ್ಣ ಬಂದ ದಿನ ನೀವೂ ಬರ್ರಿ ವೈನಿ. ಅಲ್ಲೀತನಕಾ ಈ ಮನ್ಯಾಗ ನಿಮಗ ಕೆಲಸಿಲ್ಲ" ಅಂದರು.

ಆ ಟ್ರಂಕು ಹೊತ್ತು ನಾವಿಬ್ಬರೂ ಮಾಧವನಗರಕ್ಕೆ ನಡೆದೆವು. ಅವ್ವ ಅಲ್ಲಿಯ ಗಿರಣಿಯಲ್ಲಿ ನೂಲು ಸುತ್ತಿ ನನ್ನನ್ನು ಓದಿಸಿದಳು. ಅವಳ ತೋರುಬೆರಳಿನಲ್ಲಿ ನೂಲು ಕೊರೆದ ಗಾಯದ ಗುರುತು ಇನ್ನೂ ಇದೆ.

'ಅಣ್ಣನ ಮಗಳೇ ಬರೆಯಲಿ' ಎಂದು ಚಾನೆಲ್ಲಿನವರಿಗೆ ಹೇಳಿದ್ದು ಕಾಕಾನೇ. ಹೇಳಿಕೊಳ್ಳಲು ಚೆನ್ನಾಗಿರುತ್ತದಲ್ಲ! ಮಾತಾಡಲು ಅವರ ಮನೆಗೆ ಹೋದೆ. ಎಂಬತ್ತು ದಾಟಿದ್ದರೂ ಗಟ್ಟಿಯಾಗಿದ್ದರು.

"ಬಾರವಾ, ಕುಂದ್ರು. ಪುಸ್ತಕದಾಗ ಇದ್ದಂಗ ಬರಿ, ಒಂದಕ್ಷರ ಬದಲ ಮಾಡಬ್ಯಾಡ."

"ಪುಸ್ತಕ ಸಣ್ಣದೈತ್ರಿ ಕಾಕಾ. ಮೂವತ್ತು ಕಂತ ಮಾಡಬೇಕಂದ್ರ ಹಿಗ್ಗಸಬೇಕಾಗ್ತೈತಿ."

"ಹಂಗಾದ್ರ ತಮ್ಮನ ಪಾತ್ರ ಹಿಗ್ಗಸು."

"ಅದನ್ನ ಹಿಗ್ಗಸ್ತೇನ್ರಿ."

ನಾನೇನೂ ಸುಳ್ಳು ಹೇಳಲಿಲ್ಲ.

ನನ್ನ ಚಿತ್ರಕಥೆಯ ಏಳನೆಯ ಕಂತಿನಲ್ಲಿ ಸೈನಿಕನಿಗೆ ಕಾಲದ ಬಾಗಿಲು ಒಮ್ಮೆ, ಕಾಲು ಗಂಟೆಯ ಮಟ್ಟಿಗೆ ತೆರೆಯುತ್ತದೆ. ಅವನು ಓಡಿ ತನ್ನ ಮನೆಯ ಮುಂದೆ ಬರುತ್ತಾನೆ. ಅವನು ಯಾರಿಗೂ ಕಾಣುವುದಿಲ್ಲ, ಅವನ ಕೂಗು ಯಾರಿಗೂ ಕೇಳಿಸುವುದಿಲ್ಲ. ಅವನ ಕಣ್ಣೆದುರಿಗೇ ಅವನ ತಮ್ಮ ಅತ್ತಿಗೆಯ ಟ್ರಂಕನ್ನು ಬೀದಿಗಿಟ್ಟು, ಕಾಕಾ ಅಂದು ಆಡಿದ ಎರಡು ಮಾತನ್ನೇ ಆಡುತ್ತಾನೆ. ಒಂದೇ ಕೂತಲ್ಲಿ ಬರೆದು ಮುಗಿಸಿದೆ, ಏನನ್ನೂ ಕಲ್ಪಿಸಬೇಕಾಗಿರಲಿಲ್ಲ. ಮಾತು ತೀರಾ ಮೆತ್ತಗಾಯಿತು, ತಮ್ಮ ಸ್ವಲ್ಪ ಅರಚಲಿ ಎಂದು ನಿರ್ದೇಶಕ ಹೇಳಿದ. ಒಂದಕ್ಷರ ಬದಲಾದರೂ ನಾನು ಕೆಲಸ ಬಿಡುತ್ತೇನೆ ಅಂದೆ.

ದಿನಾ ಸಂಜೆ ಏಳಕ್ಕೆ ಧಾರಾವಾಹಿ. ಕಾಕಾ ನೆಂಟರನ್ನೂ ಪೇಟೆಯ ಗೆಳೆಯರನ್ನೂ ಕರೆದು ಕೂರಿಸಿಕೊಂಡು ನೋಡುತ್ತಿದ್ದರು. ಏಳನೆಯ ಕಂತಿನ ದಿನ ನಾನು ಅವ್ವನನ್ನು ನಾವೀಗಿರುವ ಮಿರಜಿನಿಂದ ರಿಕ್ಷಾದಲ್ಲಿ ಕರೆದುಕೊಂಡು ಹೋದೆ. ಆ ಮನೆಯ ಹೊಸ್ತಿಲನ್ನು ಅವಳು ಐವತ್ತು ವರ್ಷಗಳಿಂದ ತುಳಿದಿರಲಿಲ್ಲ. ಕುರ್ಚಿ ಕೊಟ್ಟರು, ಬಾಗಿಲ ಹತ್ತಿರವೇ ಕುಳಿತಳು.

ಪರದೆಯ ಮೇಲೆ ತಮ್ಮ ಮೆತ್ತಗೆ ಆ ಎರಡು ಮಾತು ಆಡಿದ. ಅವನ ಬೆನ್ನ ಹಿಂದೆಯೇ ಅಣ್ಣ ನಿಂತಿದ್ದ. ಕಾಕಾನ ಸೊಸೆ ಪಾಪ, ತಿಳಿಯದೆ ಕೇಳಿದಳು:

"ಮಾಮಾ, ಇದು ಪುಸ್ತಕದಾಗ ಇಲ್ಲಲ್ರಿ?"

ಕಾಕಾ ನನ್ನ ಕಡೆ ತಿರುಗಿದರು.

"ಇದನ್ನ ಯಾರ ಹೇಳಿದ್ರು ನಿನಗ?"

"ಯಾರೂ ಹೇಳಿಲ್ರಿ ಕಾಕಾ. ನಾ ಅಲ್ಲೇ ನಿಂತಿದ್ದೆ."

ಪೇಟೆಯ ಗೆಳೆಯರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಹೊರಟರು. ನನಗೆ ಕನಿಕರ ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡ ಹಾಗಾಗಿತ್ತು.

ರಿಕ್ಷಾದಲ್ಲಿ ಅವ್ವ ಅಳುತ್ತಿದ್ದಳು. ಕಾಕಾನ ಮೇಲಿನ ಸಿಟ್ಟಿಗೆ ಇರಬೇಕು ಅಂದುಕೊಂಡೆ.

"ನಿಮ್ಮಪ್ಪ ನೋಡಿದ್ರು ನೋಡ," ಅಂದಳು. "ಅವರಿಗೆ ಗೊತ್ತಾತು."

ಅದು ನಟನೊಬ್ಬ ಎಂದು ನಾನು ಹೇಳಲು ಹೋಗಲಿಲ್ಲ.

ಮೂರು ದಿನ ಬಿಟ್ಟು ಕಾಕಾ ಫೋನ್ ಮಾಡಿದರು, ನನಗಲ್ಲ, ಅವ್ವನಿಗೆ. ಅವಳು ಪೂರ್ತಿ ಕೇಳಿಸಿಕೊಂಡಳು. ಕೊನೆಗೆ ಏನೋ ಒಂದು ಮಾತು ಹೇಳಿ ಫೋನ್ ಇಟ್ಟಳು.

"ಏನಂದ್ರು?"

"ತಪ್ಪಾತು ವೈನಿ ಅಂದ್ರು."

"ನೀ ಏನಂದಿ?"

"ಟೀವ್ಯಾಗ ಹೇಳ್ರಿ ಅಂದೆ."

ಕಾಕಾ ಹೇಳಲಿಲ್ಲ. ಮೂವತ್ತರಲ್ಲಿ ಇನ್ನೂ ಹದಿನೈದು ಕಂತು ಬರೆಯುವುದಿತ್ತು. ಒಂದೊಂದರಲ್ಲೂ ತಮ್ಮನಿಗೆ ಒಂದು ದೃಶ್ಯ ಇಟ್ಟೆ.