ಮೂರಿಂಚು ದಾಟಿದರೆ ರಜೆ

ನಾನು ಕನ್ನಡ ಮೇಷ್ಟ್ರು. ಲೆಕ್ಕಕ್ಕೂ ನನಗೂ ಎಣ್ಣೆ ಸೀಗೆಕಾಯಿ. ಆದರೂ ಬಾಳೂರು ಕಡೆಯ ನಮ್ಮ ಹೈಸ್ಕೂಲಿನ ಗಣಿತದ ಟೀಚರ್ ತನುಜಾ ಬಗ್ಗೆ ನಾನೇ ಹೇಳಬೇಕು. ಬೇರೆಯವರಿಗೆ ಬಿಟ್ಟರೆ ಬರೀ ಹೊಗಳಿಬಿಡುತ್ತಾರೆ.

ಜಾವಳಿಯ ಸಣ್ಣ ಬೆಳೆಗಾರರ ಮಗಳು ಈಕೆ. ಕೂತಲ್ಲಿ ಕೂರುವ ಜೀವವಲ್ಲ. ಲಂಬಕೋನ ಕಲಿಸಬೇಕೆಂದರೆ ಹಗ್ಗಕ್ಕೆ ಗಂಟು ಹಾಕಿಸಿ ಮಕ್ಕಳನ್ನು ಪಕ್ಕದ ಎಸ್ಟೇಟಿನ ಕಾಫಿ ಕಣಕ್ಕೆ ಎಳೆದೊಯ್ಯುತ್ತಾರೆ. ಬೀಜಗಣಿತಕ್ಕೆ ತಕ್ಕಡಿಯೇ ಬೇಕು: ಒಂದು ತಟ್ಟೆಯಲ್ಲಿ ಮುಚ್ಚಿದ ಡಬ್ಬಿ, ಇನ್ನೊಂದರಲ್ಲಿ ಕಾಫಿ ಬೀಜ. ಡಬ್ಬಿಯೊಳಗೆ ಎಷ್ಟಿದೆ ಎಂದು ಹೇಳಿದವನಿಗೆ ಎಕ್ಸ್ ಸಿಕ್ಕಿತು. ಪಕ್ಕದ ಕೋಣೆಯಲ್ಲಿ ನಾನು ಹಳಗನ್ನಡ ಓದಿಸುತ್ತಿದ್ದರೆ ಗೋಡೆಯಾಚೆ ಸಂತೆ. ಎಷ್ಟೋ ಸಲ ನನಗೆ ಮೈಯೆಲ್ಲ ಉರಿದದ್ದುಂಟು.

ಹೆಡ್ ಮಾಸ್ಟರ್ ಬಸವಪ್ರಸಾದರಿಗಂತೂ ಇದು ಸುತರಾಂ ಆಗದು. "ಆಟ ಸಾಕು ಮೇಡಂ. ಹತ್ತನೇ ಕ್ಲಾಸಿದು. ಪ್ರಶ್ನೆ ಉತ್ತರ ಬಾಯಿಪಾಠ ಮಾಡ್ಸಿ" ಎನ್ನುತ್ತಿದ್ದರು. ಕೊನೆಗೆ ಚಿಕ್ಕಮಗಳೂರಿನಿಂದ ಇನ್ಸ್‌ಪೆಕ್ಟರ್ ಸಾಹೇಬರು ಬಂದು ಪಾಠ ನೋಡಿ ತೀರ್ಮಾನ ಹೇಳಲಿ ಎಂದಾಯಿತು. ಅವರು ಒಪ್ಪಿದರೆ ತಕ್ಕಡಿ, ಹಗ್ಗ ಉಳಿಯುತ್ತವೆ, ಇಲ್ಲವೆಂದರೆ ಬಾಯಿಪಾಠ.

ತನುಜಾ ಆರಿಸಿಕೊಂಡ ಪಾಠ ಸಂಭವನೀಯತೆ. "ನಾಣ್ಯ ಚಿಮ್ಮಿ ಯಾರಿಗೆ ಏನಾಗ್ಬೇಕು ಸರ್? ನಮ್ ಮಕ್ಕಳಿಗೆ ಬೇಕಾಗಿರೋದು ಒಂದೇ, ನಾಳೆ ಮಳೆ ರಜೆ ಇದೆಯೋ ಇಲ್ವೋ" ಅಂದರು. ನಮ್ಮ ಕಡೆ ಎಸ್ಟೇಟುಗಳಲ್ಲೆಲ್ಲ ಮಳೆ ಅಳೆಯುವ ಮಾಪಕ ಇದೆ. ಬೆಳಿಗ್ಗೆ ಇಬ್ಬರು ಎದುರಾದರೆ ತಿಂಡಿ ಆಯ್ತಾ ಅನ್ನುವ ಮೊದಲು ಎಷ್ಟು ಇಂಚು ಅನ್ನುತ್ತಾರೆ. ಮಕ್ಕಳು ಲೆಕ್ಕಪುಸ್ತಕ ಬರೆಯುವ ಎಸ್ಟೇಟ್ ರೈಟರುಗಳ ಬೆನ್ನು ಬಿದ್ದು ಹಳೇ ಮಳೆಗಾಲಗಳ ಇಂಚು ತಂದರು. ಯಾವ್ಯಾವ ದಿನ ರಜೆ ಸಿಕ್ಕಿತ್ತೆಂಬುದು ಅವರಿಗೆ ಬಾಯಲ್ಲೇ ಇತ್ತು. ನಾನು ಕಲಿಸಿದ ಷಟ್ಪದಿ ಮಾತ್ರ ಬಾಯಲ್ಲಿ ನಿಲ್ಲುವುದಿಲ್ಲ ನೋಡಿ. ಲೆಕ್ಕ ಹೊರಬಿತ್ತು: ರಾತ್ರಿ ಮಳೆ ಮೂರಿಂಚು ದಾಟಿದರೆ ಹತ್ತರಲ್ಲಿ ಒಂಬತ್ತು ಸಲ ರಜೆ.

ಸಾಹೇಬರು ಬರುವ ಹಿಂದಿನ ರಾತ್ರಿ ನಾಲ್ಕಿಂಚು ಸುರಿಯಿತು. ಆದರೂ ತಹಸೀಲ್ದಾರರು ರಜೆ ಕೊಡಲಿಲ್ಲ.

ಅವರು ಜೀಪಿನಿಂದಿಳಿದು ಒಳಗೆ ಬಂದರೆ ಹತ್ತನೇ ಕ್ಲಾಸು ಖಾಲಿ. ಚಾಕ್‌ಪೀಸ್ ಹಿಡಿದು ನಿಂತ ತನುಜಾ, ಮೂಲೆಯಲ್ಲಿ ಒದ್ದೆ ವೇಲು ಹಿಂಡುತ್ತಿದ್ದ ಒಬ್ಬಳೇ ವಿದ್ಯಾರ್ಥಿನಿ ಮೇಘಶ್ರೀ, ಅಷ್ಟೇ. ಬಸವಪ್ರಸಾದರು ಸಿಟ್ಟಿನಲ್ಲಿ ಕ್ಲಾಸಿನ ಲೀಡರ್ ಫಯಾಜನ ಮನೆಗೆ ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ಅವನ ದನಿ ಕೋಣೆ ತುಂಬ ಕೇಳಿಸಿತು.

"ನಾಲ್ಕಿಂಚು ಸರ್! ನಮ್ ಲೆಕ್ಕ ಸರಿನೇ ಇದೆ. ರಜೆ ಕೊಡೋರೇ ತಪ್ಪಿದ್ದಾರೆ."

ಬಾಗಿಲಲ್ಲಿ ನಿಂತಿದ್ದ ನಾನು ಕೊಡೆ ಮಡಚುವ ನೆಪದಲ್ಲಿ ಮುಖ ತಿರುಗಿಸಿದೆ.

"ಮತ್ತೆ ನೀನ್ಯಾಕಮ್ಮ ಬಂದೆ?" ಸಾಹೇಬರು ಮೇಘಶ್ರೀಯನ್ನು ಕೇಳಿದರು.

"ಹತ್ತರಲ್ಲಿ ಒಂದ್ಸಲ ರಜೆ ಇರಲ್ವಲ್ಲ ಸರ್. ಅದು ಇವತ್ತೇ ಆಗ್ಬಿಟ್ರೆ ಟೀಚರ್ ಒಬ್ರೇ ಆಗ್ತಾರೆ ಅಂತ."

ತನುಜಾ ಬೋರ್ಡಿನ ಕಡೆ ತಿರುಗಿ ಏನೂ ಬರೆಯದ ಜಾಗವನ್ನೇ ಒರೆಸತೊಡಗಿದರು. ಸುಳ್ಳೇಕೆ, ನಾನೂ ಮಡಚಿದ ಕೊಡೆಯನ್ನೇ ಮತ್ತೆ ಬಿಚ್ಚಿ ಮಡಚಿದೆ. ಸಾಹೇಬರು ಮಾತ್ರ ಕರಗಲಿಲ್ಲ. "ಪಾಠ ಕಲಿತ ಮಕ್ಕಳು ಶಾಲೆಗೇ ಬರಲ್ಲ ಅಂದ್ರೆ ಅದೆಂಥ ಪಾಠ ರೀ? ಈ ಚಟುವಟಿಕೆ ಎಲ್ಲ ಇವತ್ತಿಗೇ ಬಂದ್" ಎಂದರು. ಬಸವಪ್ರಸಾದರ ಮುಖ ಊರಗಲ ಆಯಿತು. ತನುಜಾ ತಕ್ಕಡಿಯನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿದರು.

ಜೀಪು ಹತ್ತುವ ಮುಂಚೆ ಸಾಹೇಬರು ಮೇಘಶ್ರೀಯನ್ನು ಕರೆದು ದನಿ ತಗ್ಗಿಸಿದರು. "ನೋಡಮ್ಮ, ನಾಳೆ ನಾನು ಕಳಸದ ಶಾಲೆಗೆ ಹೋಗ್ಬೇಕು. ರಜೆ ಆಗ್ಬಹುದಾ?"

"ಅದು ಚಟುವಟಿಕೆ ಅಲ್ವಾ ಸರ್? ನೀವೇ ಬಂದ್ ಅಂದ್ರಲ್ಲ." ಹುಡುಗಿ ಕೈಕಟ್ಟಿಕೊಂಡು ವಿನಯದಿಂದಲೇ ಅಂದಳು.

ಆ ರಾತ್ರಿ ಬಿದ್ದದ್ದು ಮೂರೂವರೆ ಇಂಚು. ರಜೆಯೇನೋ ಕೊಟ್ಟರು, ಸಾಹೇಬರು ಘಟ್ಟದ ರಸ್ತೆಯ ಅಷ್ಟೂ ತಿರುವು ಸುತ್ತಿ ಕಳಸ ತಲುಪಿದ ಮೇಲೆ. ಬೀಗ ಹಾಕಿದ ಶಾಲೆಯ ಜಗಲಿಯಿಂದಲೇ ಬಸವಪ್ರಸಾದರಿಗೆ ಫೋನ್ ಬಂತು.

"ನಿಮ್ ಮೇಡಂಗೆ ಹೇಳ್ರಿ, ತಕ್ಕಡಿನೋ ಹಗ್ಗಾನೋ ಏನು ಬೇಕಾದ್ರೂ ಇಟ್ಕೊಳ್ಲಿ. ಆದ್ರೆ ಆ ಮಕ್ಕಳ ಮಳೆ ಲೆಕ್ಕ ದಿನಾ ನಾನು ಮನೆ ಬಿಡೋಕೆ ಮುಂಚೆ ನಂಗೆ ಬರ್ಬೇಕು."