ನೆರಳಿಲ್ಲದವಳನ್ನು ಬರೆದ ವರ್ಷ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹುನಗುಂದದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಇಪ್ಪತ್ನಾಲ್ಕರ ವಯಸ್ಸು, ತವರು ಬಾದಾಮಿ. ವಾರವಿಡೀ ಒಂದು ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನ ಊರಿನ ಬಸ್ಸು, ಸೋಮವಾರ ಬೆಳಿಗ್ಗೆ ಮತ್ತೆ ಹುನಗುಂದ. ಸಂಜೆಗಳು ಉದ್ದವಾಗಿದ್ದವು. ಆ ಸಂಜೆಗಳಲ್ಲಿ ಕೂತು ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಮಾಯಾಮಂತ್ರದ ಧಾರಾವಾಹಿ ಬರೆಯಲು ಶುರುಮಾಡಿದೆ.

ಕತೆಯಲ್ಲಿ ಕೆಂಪು ಬಂಡೆಗಳ ನಡುವೆ ವಾಸಿಸುವ ಒಬ್ಬ ಮಾಂತ್ರಿಕನಿದ್ದ. ಜನರ ನೆರಳನ್ನು ಕದ್ದು ಗುಹೆಯಲ್ಲಿ ಕೂಡಿಹಾಕುವುದು ಅವನ ಕೆಲಸ. ನೆರಳು ಕಳೆದುಕೊಂಡವರು ಅವನು ಹೇಳಿದ ಹಾಗೆ ಕೇಳಬೇಕು. ಆದರೆ ಒಬ್ಬಳ ನೆರಳನ್ನು ಅವನು ಕದ್ದಿರಲಿಲ್ಲ. ಅವಳು ತಾನೇ ನಡೆದು ಬಂದು, ತನ್ನ ನೆರಳನ್ನು ಬಟ್ಟೆಯಂತೆ ಮಡಚಿ ಅವನ ಕಾಲ ಬಳಿ ಇಟ್ಟಿದ್ದಳು. ಅವಳಿಗೆ ನಾನು ಹೆಸರಿಡಲಿಲ್ಲ. ಕತೆಯಲ್ಲಿ ಎಲ್ಲರೂ ನೆರಳಿಲ್ಲದವಳು ಎಂದೇ ಕರೆಯುತ್ತಿದ್ದರು. ಮಾಂತ್ರಿಕನಿಗಾಗಿ ಅವಳು ಊರೂರು ಅಲೆದು ನೆರಳು ತರುತ್ತಿದ್ದಳು. ಐದನೆಯ ಕಂತಿನಲ್ಲಿ ಸ್ವಂತ ತಮ್ಮನ ನೆರಳನ್ನೇ ತಂದುಕೊಟ್ಟು ನಕ್ಕಳು. ಮಾಂತ್ರಿಕ ಅವಳನ್ನು ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ. ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ ಎಂದು ನಾನು ಬಹಳ ಹಗುರವಾಗಿ ಬರೆದೆ.

ಪತ್ರಿಕೆ ಬಂದ ವಾರ, ಒಂಬತ್ತನೆಯ ಇಯತ್ತೆಯವರಿಗೆ ಕೊನೆಯ ಅವಧಿಯಲ್ಲಿ ಕಂತನ್ನು ಓದಿ ಹೇಳುತ್ತಿದ್ದೆ. ಹುಡುಗಿಯರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಅಂಗಳದಲ್ಲಿ ಒಬ್ಬರ ನೆರಳನ್ನು ಒಬ್ಬರು ತುಳಿಯುವ ಆಟ ಹುಟ್ಟಿಕೊಂಡಿತು. ಕತೆಯಲ್ಲಿ ಒಬ್ಬ ಒಳ್ಳೆಯ ರಾಜಕುಮಾರಿಯೂ ಇದ್ದಳು. ಅವಳ ಪಾತ್ರ ಯಾರಿಗೂ ಬೇಡ. ಎಲ್ಲರಿಗೂ ನೆರಳಿಲ್ಲದವಳೇ ಆಗಬೇಕು. ಅದನ್ನು ಕಂಡು ನನಗೆ ನಗು ಬರುತ್ತಿತ್ತು, ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು.

ಆ ಪಾತ್ರವನ್ನು ಕೊನೆಗೆ ಯಾರಿಗೂ ಬಿಟ್ಟುಕೊಡದೆ ಹಿಡಿದುಕೊಂಡವಳು ಇಲಕಲ್ಲಿನ ನೇಕಾರರ ಮನೆಯ ಹುಡುಗಿ. ಓದಲೆಂದು ಹುನಗುಂದದ ಸೋದರಮಾವನ ಮನೆಯಲ್ಲಿದ್ದಳು. ಎತ್ತರದ ಮೈಕಟ್ಟು, ಮಾತು ಕಡಿಮೆ, ಬರವಣಿಗೆ ಮುತ್ತಿನಂತೆ. ಅವಳು ನನ್ನ ಕುರ್ಚಿ ಒರೆಸಿಡುವುದನ್ನು, ನನ್ನ ಕೊಡಕ್ಕೆ ನೀರು ತುಂಬಿಡುವುದನ್ನು ಶುರುಮಾಡಿದಳು. ಸೋಮವಾರ ಬೆಳಿಗ್ಗೆ ಬಸ್ಸಿಳಿದರೆ ನಿಲ್ದಾಣದಲ್ಲಿ ನಿಂತಿರುತ್ತಿದ್ದಳು, ನನ್ನ ಚೀಲ ಹಿಡಿಯಲು.

"ಯಾಕ ಬಂದಿ? ನಾ ಬಾ ಅಂತ ಹೇಳಿದ್ನೇನು?" ಎಂದು ಒಮ್ಮೆ ಕೇಳಿದೆ.

"ನೀವು ಹೇಳೂತನಕ ಕಾಯಬೇಕೇನ್ರಿ ಅಕ್ಕೋರ?" ಅಂದಳು.

ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಹೊಸ ಕೆಲಸ, ಪರಿಚಯವಿಲ್ಲದ ಊರು, ಸಹೋದ್ಯೋಗಿಗಳಿಗೆ ನಾನಿನ್ನೂ ಲೆಕ್ಕಕ್ಕಿಲ್ಲ. ನನ್ನನ್ನು ಅಷ್ಟು ದೊಡ್ಡವಳೆಂದು ತಿಳಿದ ಒಂದು ಜೀವವಾದರೂ ಇದೆಯಲ್ಲ ಎಂದು ಹಿತವಾಗುತ್ತಿತ್ತು. ಚೀಲ ಕೊಡುತ್ತಿದ್ದೆ.

ಅದೇ ತರಗತಿಯಲ್ಲಿ ವಕೀಲರೊಬ್ಬರ ಮಗಳಿದ್ದಳು. ಮೊಣಕಾಲು ಮುಟ್ಟುವ ಹೆರಳು, ಚುರುಕು ಬುದ್ಧಿ, ಯಾರಿಗೂ ಹೆದರದ ಬಾಯಿ. ನನಗೆ ಸಿಟ್ಟು ಬಂದರೆ ನಾಲಿಗೆ ತೊದಲುತ್ತದೆ, ಇವತ್ತಿಗೂ ಹಾಗೆಯೇ. ಅವಳು ಅದನ್ನು ಬೇಗ ಗುರುತಿಸಿದ್ದಳು. ಒಂದು ದಿನ ನಾನು ತರಗತಿಗೆ ಬರುವ ಹೊತ್ತಿಗೆ, ಮೇಜಿನ ಮುಂದೆ ನಿಂತು, ಸೆರಗು ಸಿಕ್ಕಿಸಿಕೊಳ್ಳುವ ಹಾಗೆ ನಟಿಸುತ್ತಾ ನನ್ನಂತೆಯೇ ತೊದಲಿ ತೋರಿಸುತ್ತಿದ್ದಳು. ಇಡೀ ತರಗತಿ ನಗುತ್ತಿತ್ತು, ಇಲಕಲ್ಲಿನ ಹುಡುಗಿಯೊಬ್ಬಳನ್ನು ಬಿಟ್ಟು. ನಾನು ಬಯ್ಯಲು ಹೋದೆ, ಮತ್ತೆ ತೊದಲಿದೆ, ನಗು ಇನ್ನೂ ಜೋರಾಯಿತು.

ಅವಧಿ ಮುಗಿದ ಮೇಲೆ ಇಲಕಲ್ಲಿನ ಹುಡುಗಿ ನೋಟುಪುಸ್ತಕಗಳ ಗಂಟು ಹೊತ್ತು ನನ್ನ ಹಿಂದೆ ಮಾಸ್ತರರ ಕೋಣೆಗೆ ಬಂದಳು. ಒಳಗೆ ಬೇರೆ ಯಾರೂ ಇರಲಿಲ್ಲ.

"ಆ ಹೆರಳು ಕತ್ತರಿಸಿ ಒಗೆದ್ರ ಆಕಿ ಸೊಕ್ಕು ಇಳೀತೈತಿ ನೋಡು," ಅಂದೆ.

ಅವಳಿಗೆ ಹೇಳಿದ್ದಲ್ಲ. ಗೋಡೆಗೆ ಹೇಳಿದ ಹಾಗೆ ಹೇಳಿದ್ದು. ಅವಳು ಪುಸ್ತಕಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ ಹೋದಳು.

ಎರಡು ದಿನ ಕಳೆಯಿತು. ಮಧ್ಯಾಹ್ನದ ಬಿಡುವು ಮುಗಿಯುವ ಹೊತ್ತಿಗೆ ತರಗತಿಗೆ ಹೋದರೆ, ಮೇಜಿನ ಮೇಲೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣವೊಂದು ಇತ್ತು. ಇಲಕಲ್ಲಿನ ಹುಡುಗಿ ಆಗಾಗ ಸೇವಂತಿಗೆ ತಂದಿಡುತ್ತಿದ್ದಳು. ಇವತ್ತೂ ಹೂವೇ ಇರಬೇಕೆಂದು ಬಿಚ್ಚಿದೆ.

ಹೆರಳು. ಹಾವು ಸುತ್ತಿ ಮಲಗಿದ ಹಾಗೆ ಇತ್ತು. ತುದಿಯಲ್ಲಿ ಕೆಂಪು ರಿಬ್ಬನ್ನಿನ ಹೂವು ಕಟ್ಟಿದ್ದು ಕಟ್ಟಿದ ಹಾಗೆಯೇ ಇತ್ತು. ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅದನ್ನು ಮುಟ್ಟಿದ ಬೆರಳುಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ನಿಂತೆ. ಅಷ್ಟರಲ್ಲಿ ಹೊಲಿಗೆಯ ಕೋಣೆಯ ಕಡೆಯಿಂದ ಅಳು ಕೇಳಿಸಿತು. ಅಳುವೆಂದರೆ ಅಳುವಲ್ಲ, ಉಸಿರು ಒಳಗೆಳೆದುಕೊಂಡು ಹೊರಬಿಡಲಾರದ ಒಂದು ಸದ್ದು.

ವಕೀಲರ ಮಗಳು ಊಟ ಮಾಡಿ, ಹೊಲಿಗೆಯ ಕೋಣೆಯ ಬೆಂಚಿನ ಮೇಲೆ ತಲೆಯಿಟ್ಟು ಮಲಗಿದ್ದಳಂತೆ. ಹಿಂದಿನಿಂದ ಹೋಗಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿಂದ ಕುತ್ತಿಗೆಯ ಹತ್ತಿರವೇ ಕತ್ತರಿಸಿದ್ದಳು ಇಲಕಲ್ಲಿನ ಹುಡುಗಿ.

ತಲೆಯೆತ್ತಿದರೆ ಬಾಗಿಲಲ್ಲಿ ಅವಳೇ ನಿಂತಿದ್ದಳು. ಓಡಿಹೋಗಿರಲಿಲ್ಲ. ಮುಖದಲ್ಲಿ ಹೆದರಿಕೆಯ ಗುರುತೂ ಇಲ್ಲ.

"ಆಕಿ ಇನ್ನ ನಿಮ್ಮನ್ನ ಅಣಕಸೂದಿಲ್ರಿ ಅಕ್ಕೋರ," ಅಂದಳು.

ಅವಳು ಕಾಯುತ್ತಿದ್ದಳು. ಯಾವುದಕ್ಕೆ ಕಾಯುತ್ತಿದ್ದಳು ಎಂಬುದು ನನಗೆ ಗೊತ್ತಿತ್ತು, ಅದೇ ನನ್ನನ್ನು ಹೆಚ್ಚು ನಡುಗಿಸಿದ್ದು. ಚಲೋ ಮಾಡಿದಿ ಎಂಬ ಒಂದು ಮಾತಿಗೆ ಕಾಯುತ್ತಿದ್ದಳು.

ಮರುದಿನ ಹೆಡ್ ಮಾಸ್ತರರ ಕೋಣೆಯಲ್ಲಿ ವಿಚಾರಣೆ. ವಕೀಲರು ಬಂದಿದ್ದರು. ಹುಡುಗಿಯ ಸೋದರಮಾವ ಬಂದವನೇ ಎಲ್ಲರ ಮುಂದೆ ಅವಳ ಕೆನ್ನೆಗೆ ಬಾರಿಸಿದ. ಅವಳು ಅಲುಗಲಿಲ್ಲ.

"ಖರೆ ಹೇಳು. ಇದನ್ನ ನಿನಗ ಯಾರು ಹೇಳಿಕೊಟ್ರು?" ಎಂದು ಹೆಡ್ ಮಾಸ್ತರರು ಕೇಳಿದರು.

"ಯಾರೂ ಇಲ್ರಿ ಸರ. ಆಕಿ ಹೆರಳು ಕಂಡ್ರ ನನಗ ಹೊಟ್ಟಿಕಿಚ್ಚು ಬರ್ತಿತ್ರಿ. ಅದಕ್ಕ ಕತ್ತರಿಸೀನ್ರಿ."

ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಸುಳ್ಳನ್ನು ಅಷ್ಟು ನೇರವಾಗಿ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ವಕೀಲರು ನನ್ನತ್ತ ತಿರುಗಿದರು. "ಈ ಅಕ್ಕೋರು ಮಾಟಾ ಮಂತ್ರದ ಕತಿ ಓದಿ ಹೇಳ್ತಾರಂತ. ಅದ್ರಾಗ ಯಾವಳೋ ಒಬ್ಬಾಕಿ ಇಂಥಾದೇ ಮಾಡ್ತಾಳಂತ. ಹುಡುಗ್ಯಾರ ತಲಿ ಕೆಡಸಾಕ ಇಷ್ಟು ಸಾಕಲ್ರಿ."

"ಕತಿ ಅಂದ ಮ್ಯಾಲೆ ಕೆಟ್ಟವರು ಇರ್ತಾರ್ರಿ ಸಾಹೇಬ್ರ," ಎಂದು ಹೆಡ್ ಮಾಸ್ತರರು ನನ್ನ ಪರ ನಿಂತರು. "ಅಕ್ಕೋರದು ಇದ್ರಾಗ ಏನೂ ತಪ್ಪಿಲ್ಲ. ಹೌದಲ್ರಿ ಅಕ್ಕೋರ?"

ನಾನು ಹೌದೆಂದು ತಲೆಯಾಡಿಸಿದೆ.

ಅಷ್ಟೇ. ತೊದಲು ನಾಲಿಗೆಯ ನೆಪ ಹೇಳುವಂತಿಲ್ಲ. ತಲೆಯಾಡಿಸಲು ನಾಲಿಗೆ ಬೇಕಿರಲಿಲ್ಲ. ಹೆರಳು ಕಂಡಾಗ ಬೆಚ್ಚಿದ್ದಕ್ಕಿಂತ ಹೆಚ್ಚಾಗಿ ಆ ಗಳಿಗೆಯಲ್ಲಿ ನಾನು ನನ್ನನ್ನು ಕಂಡು ಬೆಚ್ಚಿದೆ. ಹದಿನಾಲ್ಕು ವರ್ಷದ ಹುಡುಗಿ ನನ್ನ ಮಾತನ್ನು ಮುಚ್ಚಿಡುತ್ತಿದ್ದಾಳೆ, ನಾನು ಅವಳ ಹಿಂದೆ ಅಡಗಿ ನಿಂತಿದ್ದೇನೆ.

ವಾರದೊಳಗೆ ಶಾಲೆಯಿಂದ ಅವಳ ಹೆಸರು ತೆಗೆದು, ಶಾಲೆ ಬಿಟ್ಟ ದಾಖಲೆಯನ್ನು ಕೈಗೆ ಕೊಟ್ಟರು. ನಾನು ಬಾದಾಮಿಯ ಬಸ್ಸಿಗೆ ನಿಂತಿದ್ದ ಶನಿವಾರವೇ ಮಾವ ಅವಳನ್ನು ಇಲಕಲ್ಲಿನ ಬಸ್ಸಿಗೆ ಹತ್ತಿಸಲು ಕರೆತಂದಿದ್ದ. ಅವನು ಬಸ್ಸು ವಿಚಾರಿಸಲು ಹೋದಾಗ ಅವಳು ನನ್ನ ಹತ್ತಿರ ಬಂದಳು.

"ನಾ ಏನೂ ಹೇಳಿಲ್ರಿ. ಮುಂದೂ ಹೇಳೂದಿಲ್ಲ," ಅಂದಳು.

"ಹೋಗು, ನಿಮ್ಮ ಮಾವ ಕರೀತಾರ," ಅಂದೆ ನಾನು. ಮಾವ ಕರೆದಿರಲಿಲ್ಲ.

ಆ ತಿಂಗಳು ಸಂಪಾದಕರ ಪತ್ರ ಬಂತು. ನೆರಳಿಲ್ಲದವಳು ಓದುಗರಿಗೆ ಬಹಳ ಹಿಡಿಸಿದ್ದಾಳೆ, ಅವಳ ಪಾತ್ರವನ್ನು ಬೆಳೆಸಿರಿ ಎಂದು. ನಾನು ಮುಂದಿನ ಕಂತಿನಲ್ಲೇ ಅವಳನ್ನು ಕೊಂದೆ. ಮಾಂತ್ರಿಕನ ಮೇಲೆ ಬಂದ ಬಾಣಕ್ಕೆ ಅಡ್ಡ ನಿಂತು ಅವಳು ಸಾಯುತ್ತಾಳೆ. ಮಾಂತ್ರಿಕ ಅವಳನ್ನು ದಾಟಿಕೊಂಡು ತನ್ನ ಪಾಡಿಗೆ ಹೋಗುತ್ತಾನೆ. ಎರಡೇ ಕಂತಿನಲ್ಲಿ ಕತೆ ಮುಗಿಸಿ, ಬೇರೆ ಕತೆ ಕೇಳಿದಾಗ ಕೈಲಾಗದು ಎಂದು ಬರೆದೆ. ತರಗತಿಯಲ್ಲಿ ಓದುವುದನ್ನೂ ನಿಲ್ಲಿಸಿದೆ. ವಕೀಲರ ಮಗಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಮುಂದಿನ ಬೆಂಚಿನಲ್ಲಿ ಕೂತು, ತಲೆ ತಗ್ಗಿಸಿ ಬರೆಯುತ್ತಿದ್ದಳು. ಮತ್ತೆಂದೂ ನನ್ನನ್ನು ಅಣಕಿಸಲಿಲ್ಲ.

ಮದುವೆಯಾಗಿ ಬಾಗಲಕೋಟೆಗೆ ಬಂದೆ, ಅಲ್ಲೇ ಕೆಲಸವೂ ಸಿಕ್ಕಿತು. ಏಳೆಂಟು ವರ್ಷ ಉರುಳಿದವು. ನಾದಿನಿಯ ಮದುವೆಗೆ ಸೀರೆ ತರಲು ಅತ್ತೆಯವರೊಡನೆ ಇಲಕಲ್ಲಿಗೆ ಹೋದೆ. ಅಂಗಡಿಯವರು ನೇಯುವುದನ್ನೂ ನೋಡಿ ಬನ್ನಿ ಎಂದು ಹಿಂದಿನ ಓಣಿಯ ಮನೆಯೊಂದಕ್ಕೆ ಕಳಿಸಿದರು. ಅತ್ತೆ ಕಟ್ಟೆಯ ಮೇಲೆ ಕೂತರು. ನಾನು ಒಳಗೆ ಹೋದೆ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ ಹೆಂಗಸು ಲಾಳಿ ಎಸೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಬರ್ರಿ ಅಕ್ಕೋರ," ಅಂದಳು.

ಅವಳೇ. ಪಕ್ಕದ ತೊಟ್ಟಿಲಲ್ಲಿ ಮಗು ಮಲಗಿತ್ತು. ಕೂರಲು ಚಾಪೆ ಹಾಸಿದಳು, ನೀರು ಕೊಟ್ಟಳು. ಕ್ಷೇಮ ಸಮಾಚಾರವಾದ ಮೇಲೆ, ಮಗ್ಗದ ಮೇಲಿನ ಎಳೆಯೊಂದನ್ನು ಸರಿಪಡಿಸುತ್ತಾ ನಿಧಾನವಾಗಿ ಮಾತಾಡಿದಳು.

"ನೀವು ಬರ್ತೀರಿ ಅಂತ ಒಂದು ವರ್ಷ ಕಾದ್ನಿರಿ. ಹುನಗುಂದದಿಂದ ಇಲ್ಲಿಗೆ ಎಷ್ಟು ದೂರ? ಬಸ್ಸಿನ ಸಪ್ಪಳಾದ್ರ ಸಾಕು, ಓಣಿ ತುದೀಗೆ ಓಡಿ ಹೋಗ್ತಿದ್ದೆ."

ನಾನು ಏನನ್ನೋ ಹೇಳಲು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು.

"ಆಮ್ಯಾಲೆ ಆ ಪತ್ರಿಕಿ ಹಳೇ ಸಂಚಿಕಿ ತರಿಸಿ ಓದಿದೆ. ಆಕೀನ್ನ ಸಾಯಿಸಿದ್ರಲ್ಲ. ಮಾಂತ್ರಿಕ ಹಂಗ ದಾಟಿ ಹೋದ ಅಂತ ಬರದಿದ್ರಿ. ಅದನ್ನ ಓದಿದ ದಿನ ಕಾಯೂದು ಬಿಟ್ಟೆ."

ಆ ಮಾತನ್ನು ಹೇಗೆ ತಡೆದುಕೊಂಡೆನೋ ಇವತ್ತಿಗೂ ತಿಳಿಯದು. ನಾನು ಹೆದರಿಕೆಯಲ್ಲಿ ಗೀಚಿದ ನಾಲ್ಕು ಸಾಲು ಇವಳ ಮನೆಗೆ ಬಂದು, ನಾನು ಕೊಡಲಾರದ ಉತ್ತರವನ್ನು ಕೊಟ್ಟು ಹೋಗಿತ್ತು.

"ನಂದು ತಪ್ಪಾತು," ಅಂದೆ. ತೊದಲಿಕೊಂಡೇ ಅಂದೆ. "ಈಗ ನಾ ಏನ್ ಮಾಡ್ಲಿ, ಹೇಳು."

"ನನಗೇನೂ ಬ್ಯಾಡ್ರಿ. ನಂದೂ ತಪ್ಪೈತಿ, ಆಕಿ ಏನ್ ಮಾಡಿದ್ಲು ಪಾಪ, ಅಣಕಿಸಿದ್ಲು ಅಷ್ಟ. ಆದ್ರ ಆಕಿ ನನ್ನನ್ನ ಹೊಟ್ಟಿಕಿಚ್ಚಿನಾಕಿ ಅಂತ ತಿಳ್ಕೊಂಡಾಳ. ಅದೊಂದು ಸುಳ್ಳು ಮಾತು ಉಳಕೊಂಡೈತಿ. ಆಗೋದಾದ್ರ ಆಕಿಗೆ ಹೇಳ್ರಿ."

ಹೊರಗಿನಿಂದ ಅತ್ತೆ ಕರೆದರು. ಬಸ್ಸಿನಲ್ಲಿ ಅವರು ಸೀರೆಯ ಬಣ್ಣದ ಬಗ್ಗೆ ಮಾತಾಡುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ.

ವಕೀಲರ ಮಗಳು ಬಾಗಲಕೋಟೆಯಲ್ಲೇ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಳು; ಪೇಟೆಯಲ್ಲಿ ಕಂಡರೆ ನಮಸ್ಕಾರ ಮಾಡುತ್ತಿದ್ದಳು. ಮೂರು ವಾರ ಹಿಂದೆಮುಂದೆ ನೋಡಿ, ಒಂದು ರವಿವಾರ ಅವಳ ಮನೆಗೆ ಹೋದೆ. ಕೂದಲನ್ನು ಗಿಡ್ಡವಾಗಿಯೇ ಬಿಟ್ಟಿದ್ದಳು. ಚಹಾ ಬೇಡವೆಂದು, ನಿಂತುಕೊಂಡೇ ಹೇಳಿದೆ. ಮಾಸ್ತರರ ಕೋಣೆಯಲ್ಲಿ ನಾನು ಅಂದ ಮಾತು, ವಿಚಾರಣೆಯಲ್ಲಿ ತಲೆಯಾಡಿಸಿದ್ದು, ಎಲ್ಲ.

ಅವಳು ಬೈಯಬಹುದು, ಅಳಬಹುದು ಎಂದುಕೊಂಡಿದ್ದೆ. ಅವಳ ಮುಖ ಬಿಳಿಚಿಕೊಂಡಿತು.

"ಇದನ್ನ ಅವತ್ತ ಹೇಳಿದ್ರ ಆಕಿ ಸಾಲಿ ಬಿಡ್ತಿರ್ಲಿಲ್ಲ," ಅಂದಳು. "ನಮ್ಮಪ್ಪ ಆಕೀನ್ನ ಸಾಲಿಯಿಂದ ತಗಸಬೇಕಂತ ಹಟ ಹಿಡಿದ್ರು. ನಾನೂ ಹೂಂ ಅಂದಿದ್ದೆ. ಆಕಿ ತಾನಾಗೇ ಮಾಡ್ಯಾಳ ಅಂತ ತಿಳಿದಿದ್ದೆ."

ನನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ ಪೆನ್ನು ಕಾಗದ ತಂದು ನನ್ನ ಮುಂದಿಟ್ಟಳು.

"ಇಲಕಲ್ದಾಗ ಆಕಿ ಮನಿ ಎಲ್ಲಿ ಐತಿ, ಬರದು ಕೊಡ್ರಿ."

ಬರೆದುಕೊಟ್ಟೆ. ಬಾಗಿಲವರೆಗೆ ಬಂದಳು, ಆದರೆ ಮತ್ತೆ ಬರ್ರಿ ಎನ್ನಲಿಲ್ಲ.

ಮುಂದಿನದು ನನಗೆ ಬೇರೆಯವರ ಬಾಯಿಂದ ತಿಳಿಯಿತು. ವಕೀಲರ ಮಗಳು ಇಲಕಲ್ಲಿಗೆ ಹೋಗಿದ್ದಳು, ಒಮ್ಮೆಯಲ್ಲ, ಹಲವು ಸಲ. ಪುಸ್ತಕ ಕೊಂಡೊಯ್ದು, ಅರ್ಜಿ ತುಂಬಿಸಿ, ಇಲಕಲ್ಲಿನವಳನ್ನು ಖಾಸಗಿಯಾಗಿ ಹತ್ತನೆಯ ಪರೀಕ್ಷೆಗೆ ಕೂರಿಸಿದಳಂತೆ. ಮೊದಲ ಸಲ ಗಣಿತ ಹೋಯಿತು, ಎರಡನೆಯ ಸಲ ಪಾಸಾದಳು. ಆಮೇಲೆ ಓಣಿಯ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು ಎಂದು ಕೇಳಿದೆ. ಇಬ್ಬರಲ್ಲಿ ಯಾರೂ ನನಗೆ ಕಾಗದ ಬರೆಯಲಿಲ್ಲ. ಬರೆಯಲೆಂದು ನಾನೂ ಕಾಯಲಿಲ್ಲ.