ಅಕ್ಕಚ್ಚಿನ ಡಬ್ಬ

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ ಎಂಬುದು ಐವತ್ತೆಂಟು ವರ್ಷ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ನಕ್ಕು ಬಿಟ್ಟೆ. ಆ ನಗುವನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ಮುಂಬಯಿ ಹತ್ತಿರದ ಡೊಂಬಿವಿಲಿಯಲ್ಲಿ ನಮ್ಮದು ಸಣ್ಣ ಇಡ್ಲಿ ಹೋಟೆಲು. ಗಂಡ ಗಲ್ಲಾಪೆಟ್ಟಿಗೆಯ ಮುಂದೆ, ನಾನು ಅಡುಗೆಮನೆಯಲ್ಲಿ. ಟಿಟ್ವಾಳಾ ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಇಪ್ಪತ್ತು ನಿಮಿಷ ಒಳಗೆ ಒಂದು ತುಂಡು ಜಾಗವೂ ಇದೆ: ತಗಡಿನ ಶೆಡ್ಡು, ಬೋರ್‌ವೆಲ್ಲು, ಎರಡು ಮಾವಿನ ಮರ. ಕಳೆದ ಬೇಸಿಗೆಯಲ್ಲಿ ನಮ್ಮ ಗಿರಾಕಿ ಹುಡುಗಿಯೊಬ್ಬಳು ಬಂದು, ಮದುವೆ ಮೆರವಣಿಗೆಗೆ ದುಡಿಸುತ್ತಿದ್ದ ಹೆಣ್ಣು ಕುದುರೆಯೊಂದನ್ನು ಕಲ್ಯಾಣದಲ್ಲಿ ಬಿಡಿಸಿದ್ದೇವೆ, ಎರಡು ತಿಂಗಳು ಇಟ್ಟುಕೊಳ್ಳುತ್ತೀರಾ ಎಂದು ಕೇಳಿದಳು. ಗಾಯಗೊಂಡ ಪ್ರಾಣಿಗಳನ್ನು ನೋಡಿಕೊಳ್ಳುವ ಗುಂಪಿನವಳು. ನಾನು ಗಂಡನನ್ನೂ ಕೇಳದೆ ಹ್ಞೂಂ ಅಂದೆ.

ಟೆಂಪೋದಿಂದ ಇಳಿದಾಗ ಅದು ಬಿಳಿ ಕುದುರೆ ಎಂದು ಹೇಳಲು ಧೈರ್ಯ ಬೇಕಿತ್ತು. ಬಾಯಿಯ ಎರಡೂ ಮೂಲೆ ಹರಿದು ಹುಣ್ಣಾಗಿತ್ತು. ಬಾಲಕ್ಕೆ ಹಚ್ಚಿದ್ದ ಮೆಹಂದಿ ಅರ್ಧ ಉಳಿದಿತ್ತು, ಹಣೆಯ ಕೂದಲಲ್ಲಿ ಒಂದು ಚಮಕಿ ಸಿಕ್ಕಿಕೊಂಡಿತ್ತು. ಶೆಡ್ಡಿನ ಮೂಲೆಗೆ ಹೋಗಿ ಗೋಡೆಗೆ ಮುಖ, ನಮಗೆ ಬೆನ್ನು ಮಾಡಿ ನಿಂತಿತು. ಹುಡುಗಿಯ ಮನೆಯವರು ಮಂಗಳೂರಿನ ಕಡೆಯವರು. ಅವಳಿಗೆ ಕನ್ನಡ ತಿಳಿಯುತ್ತದೆ, ಆದರೆ ಬಾಯಿ ತೆರೆದರೆ ಹಿಂದಿ. "ಆಂಟಿ, ಸಿರ್ಫ್ ಸೂಖಾ ಘಾಸ್. ಥೋಡಾ ಥೋಡಾ. ಔರ್ ಕುಛ್ ನಹೀಂ," ಎಂದಳು. ಹಸಿದು ಸೊರಗಿದ ಪ್ರಾಣಿಗೆ ಬರೀ ಒಣಹುಲ್ಲು, ಅದೂ ಸ್ವಲ್ಪಸ್ವಲ್ಪ, ಇದೆಂಥ ನ್ಯಾಯ ಎಂದುಕೊಂಡೆ.

ಜಾಗ ಕಾಯಲು ಕಲಬುರಗಿಯವನೊಬ್ಬನಿದ್ದ. ಕಳಂಬೋಲಿಯಲ್ಲಿ ಕಬ್ಬಿಣ ಹೊತ್ತು ಸೊಂಟ ಕಳೆದುಕೊಂಡವನು. ಅವನ ಅಪ್ಪ ಟಾಂಗಾ ಹೊಡೆಯುತ್ತಿದ್ದನಂತೆ. ದಿನಾ ಬೆಳಿಗ್ಗೆ ಅವನು ಕುದುರೆಯ ಹೊಟ್ಟೆಗೆ ಕಿವಿಯಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಅದನ್ನು ನೋಡಿ ನಾನು, "ಎಂತ ಮಾರಾಯ, ರೇಡಿಯೋ ಬರ್ತದಾ ಒಳಗೆ?" ಎಂದು ಕಾಡಿಸುತ್ತಿದ್ದೆ.

ನಾನು ದನದ ಕೊಟ್ಟಿಗೆ ಕಂಡು ಬೆಳೆದವಳು. ನಮ್ಮ ಕಡೆ ಸೊರಗಿದ ದನಕ್ಕೆ ಅಕ್ಕಚ್ಚು ಕೊಡುತ್ತೇವೆ: ಅಕ್ಕಿ ತೊಳೆದ ನೀರು, ಗಂಜಿ ತಿಳಿ, ಮಿಕ್ಕ ಅನ್ನ, ಉದ್ದಿನ ಸಿಪ್ಪೆ, ಮೇಲೊಂದು ಚೂರು ಬೆಲ್ಲ. ಹೋಟೆಲಿನಲ್ಲಿ ಮೂವತ್ತು ವರ್ಷ ಅದು ಮೋರಿಗೆ ಹೋಗುವುದನ್ನು ನೋಡಿ ಸಂಕಟಪಟ್ಟಿದ್ದೇನೆ. ಈಗ ಕುಡಿಯುವ ಬಾಯೊಂದು ಸಿಕ್ಕಿತ್ತು. ಸ್ಟೀಲಿನ ಹಾಲಿನ ಡಬ್ಬಕ್ಕೆ ತುಂಬಿಸಿ, ಉಳಿದ ಇಡ್ಲಿಹಿಟ್ಟನ್ನೂ ಸೇರಿಸಿ, ತಿಂಡಿಯ ಗಲಾಟೆ ಮುಗಿದ ಮೇಲೆ ಟಿಟ್ವಾಳಾ ಲೋಕಲ್ ಹತ್ತತೊಡಗಿದೆ. ಲೇಡೀಸ್ ಡಬ್ಬಿಯಲ್ಲಿ ಯಾರಾದರೂ ಡಬ್ಬ ನೋಡಿ "ಕಾಯ್ ಆಹೇ ತ್ಯಾತ್?" ಎಂದರೆ "ಘೋಡೀಚಾ ನಾಷ್ಟಾ", ಕುದುರೆಯ ತಿಂಡಿ, ಎನ್ನುತ್ತಿದ್ದೆ. ನಗು ಏಳುತ್ತಿತ್ತು. ಕಲ್ಯಾಣ ದಾಟುವಷ್ಟರಲ್ಲಿ ಸೆಕೆಗೆ ಮುಚ್ಚಳದ ಅಂಚಿನಲ್ಲಿ ನೊರೆ ಉಕ್ಕಿ ಹುಳಿ ವಾಸನೆ ಬರುತ್ತಿತ್ತು. ಹಿಟ್ಟು ಉಬ್ಬಿದರೆ ಹೋಟೆಲಿನವರಿಗೆ ಸಂತೋಷ. ನನಗೂ ಸಂತೋಷವೇ ಆಗುತ್ತಿತ್ತು.

ಐದನೆಯ ದಿನ ಡಬ್ಬದ ಹಿಡಿ ಕಿಣಿಕಿಣಿ ಎಂದದ್ದಕ್ಕೆ ಕುದುರೆ ಗೋಡೆಯಿಂದ ಮುಖ ತಿರುಗಿಸಿತು. ನಿಧಾನ ಬಂದು ಮೂತಿಯನ್ನು ಡಬ್ಬದೊಳಗೆ ಇಳಿಸಿತು. ಅಷ್ಟು ದಿನ ಯಾರ ಕೈಗೂ ಬಾರದ ಪ್ರಾಣಿ. ನಾನು ಅಲ್ಲೇ ನಿಂತು ಅತ್ತೆ. ಅಂದಿನಿಂದ ಅವಳು ನನಗೆ ಅದು ಅಲ್ಲ, ಅವಳು.

ಆ ದಿನವೇ ಕಲಬುರಗಿಯವನು ಹೇಳಿದ. "ಅಕ್ಕಾರ, ಕುದ್ರಿ ಅಂದ್ರ ಆಕಳಲ್ರಿ. ಇದರ ಹೊಟ್ಟಿ ಭಾಳ ಸೂಕ್ಷ್ಮ. ಒಳಗ ಹೋಗಿದ್ದು ಹೊಳ್ಳಿ ಬರಂಗಿಲ್ಲ. ಕುದ್ರಿಗಿ ವಾಂತಿ ಆಗಂಗಿಲ್ರಿ."

"ನೀನೆಂತ ಡಾಕ್ಟರಾ? ಅವಳಿಗೆ ರುಚಿ ಹಿಡಿದಿದೆ, ನಿನಗೆ ಕಾಣುದಿಲ್ವಾ?" ಎಂದು ನಕ್ಕುಬಿಟ್ಟೆ. ಅವನು ಹೊಟ್ಟೆಗೆ ಕಿವಿಯಿಟ್ಟು ನಿಲ್ಲುವ ಹೊತ್ತು ದಿನದಿಂದ ದಿನಕ್ಕೆ ಉದ್ದವಾಯಿತು. ಒಮ್ಮೆ, ನನಗಲ್ಲ, ಕುದುರೆಗೆ ಹೇಳುವಂತೆ, "ಕರುಳಿನ ಸಪ್ಪಳ ಕಡಿಮಿ ಆಗೇದ" ಎಂದ.

ಅವಳು ಹುಲ್ಲು ಬಿಟ್ಟಳು. ಅಕ್ಕಚ್ಚಿನಿಂದ ಹೊಟ್ಟೆ ತುಂಬಿದೆ ಎಂದುಕೊಂಡೆ. ನಿಂತಲ್ಲೇ ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡತೊಡಗಿದಳು. ನೊಣ ಇರಬೇಕು ಎಂದುಕೊಂಡೆ. ಮುಂಗಾಲಿನಿಂದ ನೆಲ ಕೆರೆದು ಸಣ್ಣ ಗುಂಡಿ ಮಾಡಿದಳು. ಜಾಗಕ್ಕೆ ಹೊಂದಿಕೊಳ್ಳುತ್ತಿದ್ದಾಳೆ ಎಂದು ಗಂಡನಿಗೆ ವರದಿ ಕೊಟ್ಟೆ. ಹುಡುಗಿ ಫೋನ್ ಮಾಡಿ, ಬೇರೇನೂ ಕೊಡುತ್ತಿಲ್ಲ ತಾನೇ ಎಂದು ಕೇಳಿದಾಗ ಡಬ್ಬ ನನ್ನ ಎರಡು ಕಾಲುಗಳ ನಡುವೆ ಇತ್ತು, ರೈಲು ಶಹಾಡ್ ದಾಟುತ್ತಿತ್ತು. "ಇಲ್ಲಮ್ಮ, ಬರೀ ಹುಲ್ಲು" ಎಂದೆ. ಅವಳಿಗೆ ಗೊತ್ತಿಲ್ಲದ ವಿದ್ಯೆ ನನಗೆ ಗೊತ್ತು ಎಂಬ ಸೊಕ್ಕು.

ಸೋಮವಾರ ಹೋಟೆಲಿಗೆ ರಜೆ. ಭಾನುವಾರದ ಹಿಟ್ಟು ಬಹಳ ಉಳಿದಿತ್ತು, ಡಬ್ಬ ಕಂಠದವರೆಗೆ ತುಂಬಿತು. ಅವಳು ಪೂರ್ತಿ ಕುಡಿದು ತಳ ನೆಕ್ಕಿದಳು. ಒಂದು ಗಂಟೆಯೊಳಗೆ ನೆಲಕ್ಕೆ ಬಿದ್ದು ಹೊರಳಾಡತೊಡಗಿದಳು. ಮೈಯೆಲ್ಲ ಬೆವರು. ಕಲಬುರಗಿಯವನು ಕಿವಿಯಿಟ್ಟು, ತಲೆ ಎತ್ತಿ, "ಏನೂ ಕೇಳವಲ್ದು," ಎಂದ.

ಕಲ್ಯಾಣದಿಂದ ಡಾಕ್ಟರು ಬರುವಾಗ ಮಧ್ಯಾಹ್ನ ಎರಡು ಗಂಟೆ. "ಕಾಯ್ ದಿಲಂ ಖಾಯ್ಲಾ?" ತಿನ್ನಲು ಏನು ಕೊಟ್ಟಿರಿ ಎಂದರು. ನಾನು ಕಲಬುರಗಿಯವನತ್ತ ನೋಡಿದೆ. ಅವನು ನೆಲ ನೋಡುತ್ತಿದ್ದ. ಕೊನೆಗೆ ನಾನೇ ಡಬ್ಬ ತಂದು ಮುಚ್ಚಳ ತೆಗೆದೆ. ಡಾಕ್ಟರು ಮೂಸಿ ನೋಡಿ ಮುಚ್ಚಳ ಹಾಕಿದರು. ಮೂಗಿನಿಂದ ನಳಿಗೆ ಇಳಿಸಿ ಎಣ್ಣೆ ಬಿಟ್ಟರು, ಇಂಜೆಕ್ಷನ್ ಕೊಟ್ಟರು. ಮಲಗಿ ಹೊರಳಲು ಬಿಡಬೇಡಿ, ನಡೆಸುತ್ತಲೇ ಇರಿ, ಸಂಜೆಯೊಳಗೆ ಲದ್ದಿ ಹಾಕಿದರೆ ಉಳಿಯುತ್ತಾಳೆ, ಇಲ್ಲವಾದರೆ ಇಲ್ಲ ಎಂದರು.

ಅವಳು ಏಳಲಿಲ್ಲ. ಡಾಕ್ಟರು, ಕಲಬುರಗಿಯವನು ಇಬ್ಬರೂ ಎಳೆದರು, ತಳ್ಳಿದರು. ಆಗ ನನಗೆ ಹೊಳೆದದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಖಾಲಿ ಡಬ್ಬದ ಹಿಡಿ ಅಲ್ಲಾಡಿಸಿದೆ. ಅವಳ ಕಿವಿ ನಿಮಿರಿತು. ನಡುಗುತ್ತಾ, ಮೊದಲು ಮುಂಗಾಲು ಊರಿ, ಎದ್ದು ನಿಂತಳು.

ಡಾಕ್ಟರು ಹೊರಟ ಮೇಲೆ ಮಾವಿನ ಮರಗಳನ್ನು ಸುತ್ತಿದೆವು. ಮುಂದೆ ನಾನು ಕಿಣಿಕಿಣಿ ಎನ್ನಿಸುತ್ತ, ಹಿಂದೆ ಅವಳು, ಪಕ್ಕದಲ್ಲಿ ಹಗ್ಗ ಹಿಡಿದು ಕಲಬುರಗಿಯವನು. ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಿದ್ದಳು, ಮತ್ತೆ ನಾಲ್ಕು ಹೆಜ್ಜೆ. ಮೆರವಣಿಗೆಯಲ್ಲಿ ಕುಣಿಯುವವರಿಗಾಗಿ ಹಾಗೆ ನಿಲ್ಲಿಸುತ್ತಿದ್ದರು ಎಂದು ಆಮೇಲೆ ತಿಳಿಯಿತು. ಪ್ರತಿ ಸುತ್ತಿಗೂ ನಾವು ಅವಳ ಬಾಲದ ಕೆಳಗೆ ನೋಡುತ್ತಿದ್ದೆವು. ಲದ್ದಿಗಾಗಿ ನಾನು ಗಣಪತಿಗೆ ಹರಕೆ ಹೊತ್ತೆ. ನಗುವವರು ನಗಲಿ.

ಬಿಸಿಲು ಇಳಿಯುವ ಹೊತ್ತಿಗೆ ಅವಳು ನಿಂತುಬಿಟ್ಟಳು. ಡಬ್ಬ ಅಲ್ಲಾಡಿಸಿದೆ. ನನ್ನ ಕಡೆ ನೋಡಿದಳು. ಇನ್ನೊಮ್ಮೆ, ಜೋರಾಗಿ ಅಲ್ಲಾಡಿಸಿದೆ. ಅವಳು ತಿರುಗಿ ಶೆಡ್ಡಿನ ಮೂಲೆಗೆ ಹೋಗಿ, ಗೋಡೆಗೆ ಮುಖ ಮಾಡಿ, ಕಾಲು ಮಡಚಿದಳು.

ಕಲಬುರಗಿಯವನು ಬಹಳ ಹೊತ್ತು ಕಿವಿಯಿಟ್ಟು ಕೂತಿದ್ದ. ಆಮೇಲೆ ಎದ್ದು ನನ್ನ ಕೈಯಿಂದ ಡಬ್ಬ ತೆಗೆದುಕೊಂಡು, ಬೋರ್‌ವೆಲ್ಲಿನ ಹತ್ತಿರ ತೊಳೆದು, ಕಲ್ಲಿನ ಮೇಲೆ ಬೋರಲು ಹಾಕಿದ.

ಹುಡುಗಿಗೆ ನಾನೇ ಫೋನ್ ಮಾಡಿದೆ. ಅವಳು ಉಳಿಯಲಿಲ್ಲ, ನಾನು ಸುಳ್ಳು ಹೇಳಿದ್ದೆ, ಅಕ್ಕಚ್ಚು ಕೊಟ್ಟೆ ಎಂದೆ. ಆ ಕಡೆ ಅವಳು ಅಳುತ್ತಿದ್ದಳು. "ಅಕ್ಕಚ್ಚು? ವೋ ಕ್ಯಾ ಹೋತಾ ಹೈ, ಆಂಟಿ?" ಎಂದು ಕೇಳಿದಳು. ಅಕ್ಕಿ ತೊಳೆದ ನೀರಿನಿಂದ ಶುರುಮಾಡಿ, ಬೆಲ್ಲದವರೆಗೆ, ನಾನು ಒಂದೊಂದಾಗಿ ಹೇಳಬೇಕಾಯಿತು.